ಕುರಿ ಹಿಂದೆ ನಡೆಯೋಕೆ ನಾನೂರು ರೂಪಾಯಿ

ದಸರಾ ರಜೆಗೆ ಬೆಂಗಳೂರಿಂದ ತಂಗಿ, ಅವಳ ಗಂಡ, ಇಬ್ಬರು ಮಕ್ಕಳು ಬಂದಿದ್ದರು. ಮೈಸೂರಿನ ಗದ್ದಲ ಎರಡೇ ದಿನಕ್ಕೆ ಸಾಕಾಗಿ, ಬನ್ನೂರು ದಾಟಿ ಮಳವಳ್ಳಿ ಕಡೆಯ ಒಂದು ಫಾರ್ಮ್‌ಸ್ಟೇಗೆ ಹೋದೆವು. ಅಲ್ಲಿನ ವಿಶೇಷ ‘ಕುರಿಗಳ ಜೊತೆ ಮುಂಜಾನೆ ನಡಿಗೆ’. ತಲೆಗೆ 400 ರೂಪಾಯಿ, ಮಕ್ಕಳಿಗೆ ಅರ್ಧ.

ನಮ್ಮ ತಾತ ಬದುಕಿಡೀ ಕುರಿ ಹಿಂದೆಯೇ ನಡೆದವರು. ಅಮ್ಮನಿಗೆ ಫೋನಲ್ಲಿ ಹೇಳಿದರೆ, “ದುಡ್ಡು ಜಾಸ್ತಿ ಆಯ್ತೇನೇ ನಿಂಗೆ?” ಅಂದರು. ನಾನೂ ನಕ್ಕೆ. ಆದರೆ ದುಡ್ಡು ತಗೊಂಡಿದ್ದಕ್ಕೆ ನನಗೆ ಬೇಜಾರಿಲ್ಲ. ಹೊಲ ಬಿಟ್ಟು ಬಂದವರು ನಾವು, ಮಕ್ಕಳಿಗೆ ಕುರಿ ತೋರಿಸೋಕೆ ದುಡ್ಡು ಕೊಡಲೇಬೇಕು. ನನ್ನ ತಕರಾರು ಬೇರೆ. ನಮ್ಮನ್ನು ಕರೆದುಕೊಂಡು ಹೋಗಿದ್ದು ಯಾರು?

ಬೆಳಿಗ್ಗೆ ಆರೂವರೆಗೆ ಟೀ ಶರ್ಟ್ ಹಾಕಿದ ಗೈಡ್ ಹುಡುಗ ಬಂದ. ಕೈಯಲ್ಲಿ ಮೈಕು. ಹಿಂದೆ ಕಂಬಳಿ ಹೊದ್ದು ಕುರಿ ಕಾಯೋ ಅಜ್ಜ. ಹಟ್ಟಿ ಬಾಗಿಲು ತೆಗೆಯೋ ಮುಂಚೆ ಅಜ್ಜ ಅಂದರು, “ಇಬ್ಬನಿ ಆರ್ಲಿ ಬುಡಪ್ಪ. ಈಗ್ಲೇ ಬುಟ್ರೆ ಹುಳ ಆಯ್ತವೆ.” ಹುಡುಗ, “ಫೋಟೋಗೆ ಈ ಬೆಳಕೇ ಚೆನ್ನಾಗಿರೋದು ಅಜ್ಜ” ಅಂದ. ಬಾಗಿಲು ತೆಗೆಯಿತು.

ಅಜ್ಜ ಹೇಳಿದ್ದು ಸರಿ. ಹುಲ್ಲು ಒದ್ದೆ ಇರುವಾಗ ಹೊಟ್ಟೆ ಹುಳದ ಮರಿಗಳು ಎಲೆ ಮೇಲೆ ಹತ್ತಿಕೊಂಡಿರುತ್ತವೆ. ಬಿಸಿಲು ಬಂದು ಹುಲ್ಲು ಒಣಗಿದರೆ ಬುಡಕ್ಕೆ ಇಳಿಯುತ್ತವೆ. ಆಗ ಮೇಯ್ದರೆ ಹೊಟ್ಟೆಗೆ ಹೋಗೋದು ಕಡಿಮೆ. ಇವುಗಳಲ್ಲಿ ರಕ್ತ ಹೀರುವ ಜಾತಿಯೂ ಇದೆ. ಕುರಿ ಸುಮ್ನೆ ಸೊರಗುತ್ತೆ, ಬಾಯಿಯ ಒಳಗೆಲ್ಲ ಬಿಳಿಚಿಕೊಳ್ಳುತ್ತೆ.

ಹೊಲದ ದಾರಿಯಲ್ಲಿ ಹುಡುಗ ಮೈಕಲ್ಲಿ, “ಇದು ಮೆರಿನೋ ಜಾತಿ” ಅಂದ. ಮೆರಿನೋ ಉಣ್ಣೆಗೆ ಹೆಸರಾದ ಪರದೇಶದ ತಳಿ. ಅದೂ ಬಂಡೂರು ಕುರಿಯ ತವರು ತಾಲ್ಲೂಕಿನಲ್ಲೇ ನಿಂತುಕೊಂಡು! ನಮ್ಮ ಮುಂದಿದ್ದದ್ದು ಬಂಡೂರು ಕುರಿಯೇ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಕೊಂಬಿಲ್ಲ. ಹಿಂದಿನಿಂದ ನೋಡಿದರೆ ಇಂಗ್ಲಿಷಿನ ಯು ಅಕ್ಷರ ತಲೆಕೆಳಗೆ ಮಾಡಿದ ಹಾಗೆ. ಬನ್ನೂರು ಕುರಿ ಅಂತ ಊರೆಲ್ಲ ಕರೆಯೋದು ಇದನ್ನೇ. ಬನ್ನೂರು ಇರೋದು ತಿ. ನರಸೀಪುರ ತಾಲ್ಲೂಕಲ್ಲಿ, ತಳಿಯ ತವರು ಮಾತ್ರ ಮಳವಳ್ಳಿ ತಾಲ್ಲೂಕಿನ ಬಂಡೂರು.

ಆಮೇಲೆ ಬ್ರೆಡ್ ಪ್ಯಾಕೆಟ್ ಬಂತು. ಎಲ್ಲರೂ ತಿನ್ನಿಸಿ, ವಿಡಿಯೋ ಮಾಡಿ ಅಂದ. ಒಂದು ಚೂರಿಗೆ ಏನೂ ಆಗಲ್ಲ, ನಿಜ. ಆದರೆ ನಾವು ಇಪ್ಪತ್ತು ಜನ ಇದ್ದೆವು. ಕುರಿ ಹೊಟ್ಟೆ ಹುಲ್ಲಿಗೆ ಒಗ್ಗಿದ್ದು. ಬ್ರೆಡ್ಡು, ಅನ್ನ ಒಮ್ಮೆಲೇ ಜಾಸ್ತಿ ಬಿದ್ದರೆ ಒಳಗೆ ಹುಳಿಯೇರುತ್ತೆ, ಮೆಲುಕು ನಿಲ್ಲುತ್ತೆ, ಸತ್ತೂ ಹೋಗಬಹುದು. ನಾನು ಬೇಡ ಅಂದಿದ್ದಕ್ಕೆ ತಂಗಿ ಮುಖ ಊದಿಸಿಕೊಂಡಳು.

ನಾನು ಮಕ್ಕಳನ್ನು ಕರೆದುಕೊಂಡು ಹಿಂದೆ ಅಜ್ಜನ ಜೊತೆ ಸೇರಿಕೊಂಡೆ. ನಿಜವಾದ ನಡಿಗೆ ಶುರುವಾಗಿದ್ದು ಅಲ್ಲಿಂದ. “ಕಚ್ಚುತ್ತಾ ದೊಡ್ಡಮ್ಮ?” ಅಂತ ಚಿಕ್ಕವನು ಹೆದರಿದ್ದ. ಅಜ್ಜ ಒಂದನ್ನು ಹಿಡಿದು ತುಟಿ ಎತ್ತಿ ತೋರಿಸಿದರು. ಮುಂದೆ, ಮೇಲ್ಗಡೆ ಹಲ್ಲೇ ಇಲ್ಲ, ಬರೀ ಗಟ್ಟಿ ವಸಡು! ಕೆಳಗಿನ ಹಲ್ಲು ನೋಡಿ ವಯಸ್ಸು ಹೇಳಿದರು, “ಇದು ಎರಡಲ್ಲು, ಅಗೋ ಅದು ಬಾಯ್ಗೂಡೈತೆ.” ಎರಡಲ್ಲು ಅಂದರೆ ಎರಡು ದೊಡ್ಡ ಹಲ್ಲು ಬಂದ ಎಳೆಯದು, ಬಾಯ್ಗೂಡಿದ್ದು ಅಂದರೆ ದೊಡ್ಡ ಹಲ್ಲೆಲ್ಲ ಬಂದ ಬಲಿತ ಕುರಿ. ಗದ್ದೆ ಬಯಲಿನ ನಿಂತ ನೀರು ಬಂದಾಗ ಸುತ್ತು ಹಾಕಿ ಹೊಡೆದುಕೊಂಡು ಹೋದರು. ಅಲ್ಲಿ ಬಸವನಹುಳು ಇರುತ್ತೆ, ಅದರಿಂದ ಕುರಿಯ ಈಲಿಗೆ ಹುಳ ಬೀಳುತ್ತೆ. ಮುಂದೆ ಮೈಕಲ್ಲಿ ಯಾವುದೋ ಹಾಡು ಹಾಕಿದ್ದರು.

“ಈ ನಡಿಗೆಗೆ ನಿಮಗೆ ಏನು ಕೊಡ್ತಾರೆ ಅಜ್ಜ?” ಅಂತ ಕೇಳಿದೆ. “ಅದ್ಕೇನಿಲ್ಲ ಕಣವ್ವ, ಮೇಯ್ಸಕ್ಕೆ ತಿಂಗ್ಳ ಸಂಬ್ಳ ಐತಲ್ಲ” ಅಂದರು.

ಮಧ್ಯಾಹ್ನ ಊಟಕ್ಕೆ ಬನ್ನೂರು ಮಟನ್ ಸಾರು. ತಿಂದೆ, ಸುಳ್ಳು ಹೇಳಲ್ಲ. ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿ ಬರೆದೆ: ಬ್ರೆಡ್ ನಿಲ್ಲಿಸಿ, ಮೈಕ್ ಅಜ್ಜನಿಗೆ ಕೊಡಿ, ಟಿಕೆಟ್ ದುಡ್ಡಲ್ಲಿ ಅವರಿಗೂ ಪಾಲು ಕೊಡಿ, ಇಬ್ಬನಿ ಆರಿದ ಮೇಲೆ ಒಂಬತ್ತಕ್ಕೆ ಹೊರಡಿ.

ಮ್ಯಾನೇಜರ್ ಪೂರ್ತಿ ಓದಿದರು. “ಒಂಬತ್ತಕ್ಕೆ ಬ್ರೇಕ್‌ಫಾಸ್ಟ್ ಅಲ್ವಾ ಮೇಡಂ?”