ಸ್ಥಗಿತಕ್ಕೆ ಸಂವಿಧಾನ ಕಾರಣವಲ್ಲ
ಬಜೆಟ್ ಒಪ್ಪಿಗೆಯಾಗದಿದ್ದಾಗ ಅಮೆರಿಕದ ಸರ್ಕಾರಿ ಕಚೇರಿಗಳು ಬಾಗಿಲು ಮುಚ್ಚುವುದು ಅಲ್ಲಿನ ಸಂವಿಧಾನದ ಅನಿವಾರ್ಯ ಫಲವೆಂದು ಈಚಿನ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ ಮಾತನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ಒಪ್ಪಲಾರೆ. ಕಾನೂನಿನ ಮಂಜೂರಾತಿಯಿಲ್ಲದೆ ಖಜಾನೆಯಿಂದ ಹಣ ತೆಗೆಯಬಾರದೆಂದಷ್ಟೇ ಸಂವಿಧಾನ ಹೇಳುತ್ತದೆ. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಮಂಜೂರಾದ ಹಣಕ್ಕೆ ಮೀರಿದ ಖರ್ಚನ್ನು ತಡೆಯುವ 1884ರ ಕಾಯ್ದೆಯೊಂದನ್ನು ಬಿಗಿಯಾಗಿ ಅರ್ಥೈಸುವವರೆಗೆ, ಬಜೆಟ್ ಮಸೂದೆ ತಡವಾದರೂ ಕಚೇರಿಗಳು ಬಹುಮಟ್ಟಿಗೆ ಎಂದಿನಂತೆ ನಡೆಯುತ್ತಿದ್ದವು. ಹಿಂದಿನ ವರ್ಷದ ಅನುದಾನ ತಾನಾಗಿ ಮುಂದುವರಿಯುವಂತೆ ಅಮೆರಿಕನ್ ಕಾಂಗ್ರೆಸ್ ಇಂದಿಗೂ ಕಾನೂನು ಮಾಡಬಹುದು. 2018–19ರಲ್ಲಿ 35 ದಿನ ನಡೆದ ಸ್ಥಗಿತದಲ್ಲಿ ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿದರು. ಜನವರಿ 25ರಂದು ಸಿಬ್ಬಂದಿ ಕೊರತೆಯಿಂದ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ತಡೆಯಬೇಕಾಯಿತು, ಸ್ಥಗಿತ ಮುಗಿದದ್ದೂ ಅಂದೇ. ಆ ನಿಯಂತ್ರಕರಿಗೆ ಬಾಕಿ ಸಂಬಳ ಸಿಕ್ಕಿತು. ಆದರೆ ಅದೇ ಕಚೇರಿಗಳ ನೆಲ ಒರೆಸುವ, ಬಾಗಿಲು ಕಾಯುವ ಗುತ್ತಿಗೆ ನೌಕರರಿಗೆ ಅಂಥ ಖಾತರಿಯನ್ನು ಯಾವ ಕಾನೂನೂ ಕೊಡಲಿಲ್ಲ, ಮತ್ತು ಲೇಖನದಲ್ಲಿ ಅವರ ಪ್ರಸ್ತಾಪವೇ ಇಲ್ಲದಿರುವುದು ನನಗೆ ನೋವು ತಂದಿದೆ.