ಡಿಪಾರ್ಟ್‌ಮೆಂಟಿಗೊಬ್ಬ ಲೈಬ್ರೇರಿಯನ್

ಈ ಅಮೆರಿಕನ್ ಯೂನಿವರ್ಸಿಟಿಗೆ ಪಾಠ ಮಾಡಲು ಬಂದ ಹೊಸತು. ಕ್ಲಾಸು ಶುರುವಾಗುವ ಮೊದಲೇ ಲೈಬ್ರರಿಯಿಂದ ಇಮೇಲ್ ಬಂತು. "ನಿಮ್ಮ ಸಿಲಬಸ್ ನೋಡಿದೆ. ಮೂರನೇ ವಾರದ ಇ-ಪುಸ್ತಕವನ್ನು ಒಂದು ಸಲಕ್ಕೆ ಒಬ್ಬರೇ ಓದಬಹುದು. ನಿಮ್ಮಲ್ಲಿ ನಲವತ್ತು ವಿದ್ಯಾರ್ಥಿಗಳಿದ್ದಾರೆ. ಎಲ್ಲರಿಗೂ ಸಿಗುವ ಲೈಸೆನ್ಸ್ ಕೊಳ್ಳಲೇ?"

ನಾನು ಕೇಳಿಯೇ ಇರಲಿಲ್ಲ!

ಇವರು ನಮ್ಮ ಲಿಯೇಸಾನ್ ಲೈಬ್ರೇರಿಯನ್. ಊರಿಗೊಬ್ಬ ಪೋಸ್ಟ್‌ಮ್ಯಾನ್ ಇದ್ದ ಹಾಗೆ ಇಲ್ಲಿ ಡಿಪಾರ್ಟ್‌ಮೆಂಟಿಗೊಬ್ಬರು. ನಮ್ಮ ಮೀಟಿಂಗಿಗೆ ಬಂದು ಕೂರುತ್ತಾರೆ. ಹೊಸ ಕೋರ್ಸ್ ಬರುತ್ತದೆ ಎಂದರೆ ಪುಸ್ತಕಕ್ಕೆ ದುಡ್ಡು ಎತ್ತಿಡುತ್ತಾರೆ. ಕ್ಲಾಸಿಗೇ ಬಂದು ಡೇಟಾಬೇಸಿನಲ್ಲಿ ಹುಡುಕುವುದನ್ನು ಕಲಿಸುತ್ತಾರೆ.

ನಮ್ಮ ದೇಶದಲ್ಲಿ ಡಿಪಾರ್ಟ್‌ಮೆಂಟಿಗೂ ಲೈಬ್ರರಿಗೂ ಇರುವ ನಂಟು ಎರಡೇ ಕಾಗದದ್ದು: ಪುಸ್ತಕ ಬೇಕೆಂದು ಬರೆದುಕೊಡುವ ಇಂಡೆಂಟ್, ಬಾಕಿ ಏನಿಲ್ಲ ಎನ್ನುವ ನೋ ಡ್ಯೂ. ಇಂಡೆಂಟ್ ನೆನಪಾಗುವುದು ಮಾರ್ಚ್ ಹತ್ತಿರ ಬಂದು, ಗ್ರಾಂಟ್ ಲ್ಯಾಪ್ಸ್ ಆಗುತ್ತದೆ ಎಂಬ ಗಾಬರಿ ಹುಟ್ಟಿದಾಗ. "ನಾಳೆ ಮಧ್ಯಾಹ್ನದೊಳಗೆ ಪಟ್ಟಿ ಕೊಡಿ" ಎಂದು ಎಚ್‌ಒಡಿ ಸುತ್ತೋಲೆ ಕಳಿಸುತ್ತಾರೆ. ಯಾರೋ ಹೋದ ವರ್ಷದ ಪಟ್ಟಿಗೇ ಹೊಸ ತಾರೀಕು ಹಾಕುತ್ತಾರೆ. ಆಮೇಲೆ ಕೊಟೇಶನ್, ಕಮಿಟಿ, ಬಿಲ್ಲು. ಅಲ್ಲಿ ಪಾಠ ಮಾಡುವ ನನ್ನ ಗೆಳೆಯ ತಾನು ಕೇಳಿದ್ದ ಪುಸ್ತಕವನ್ನು ಕಂಡದ್ದು ಅವನನ್ನು ಸ್ಟಾಕ್ ವೆರಿಫಿಕೇಷನ್ನಿಗೆ ಹಾಕಿದಾಗ. ಬಂದು ಎಷ್ಟು ಕಾಲವಾಗಿತ್ತೋ, ಅವನಿಗೆ ಹೇಳಿದವರೇ ಇಲ್ಲ.

ಇಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಕರ್ನಾಟಕದ ಕೆರೆಗಳ ಬಗ್ಗೆ ಬರೆಯುತ್ತಿದ್ದ. ಕನ್ನಡದ ಹಳೆಯ ಪುಸ್ತಕ ಬೇಕಿತ್ತು. ಲೈಬ್ರೇರಿಯನ್ನರಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ. ಆದರೆ ಇನ್ನೊಂದು ಯೂನಿವರ್ಸಿಟಿಯಲ್ಲಿ ದಕ್ಷಿಣ ಏಷ್ಯಾದ ಪುಸ್ತಕ ನೋಡಿಕೊಳ್ಳುವವರು ಯಾರೆಂದು ಗೊತ್ತು. ಅಲ್ಲಿಂದ ತರಿಸಿಕೊಟ್ಟರು. 1960ರ ದಶಕದಲ್ಲಿ ಅಮೆರಿಕ ನಮಗೆ ಪಿಎಲ್ 480 ಎಂಬ ತನ್ನ ಆಹಾರ ನೆರವಿನ ಕಾನೂನಿನಡಿ ಗೋಧಿ ಮಾರಿ, ಅದರಿಂದ ಬಂದ ರೂಪಾಯಿಯಲ್ಲೇ ನಮ್ಮ ಪುಸ್ತಕ ಕೊಂಡು ಇಲ್ಲಿನ ಲೈಬ್ರರಿಗಳಿಗೆ ಹಂಚಿತ್ತು. ಗೋಧಿ ನಮ್ಮ ಅಪ್ಪ ಅಮ್ಮಂದಿರು ತಿಂದು ಮುಗಿಸಿದರು. ಪುಸ್ತಕ ಇಲ್ಲಿದೆ.

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು 1931ರಲ್ಲೇ ಲೈಬ್ರರಿಗೆ ನಿಯಮ ಬರೆದವರು ನಮ್ಮವರೇ ಆದ ಲೈಬ್ರೇರಿಯನ್ ಎಸ್.ಆರ್. ರಂಗನಾಥನ್. 1962ರಲ್ಲಿ ಅವರು ಲೈಬ್ರರಿ ಕೆಲಸದ ಸಂಶೋಧನೆ, ತರಬೇತಿಯ ಕೇಂದ್ರ ಡಿಆರ್‌ಟಿಸಿ ಕಟ್ಟಿದ್ದು ಬೆಂಗಳೂರಿನಲ್ಲೇ. ಲೈಬ್ರರಿ ಸೈನ್ಸ್ ಓದುವವರೆಲ್ಲ ಇವೆರಡೂ ಸೇರಿ ಅವರ ಐದು ನಿಯಮಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು.

ದುಡ್ಡಿಲ್ಲ ಎನ್ನಬೇಡಿ. 2025ರ ಜನವರಿಯಿಂದ ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಿದೆ. ಸರ್ಕಾರಿ ಯೂನಿವರ್ಸಿಟಿ, ಕಾಲೇಜುಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಗೆಳೆಯನನ್ನು ಕೇಳಿದೆ. "ಹೌದಾ? ನಮಗೂ ಇದೆಯಾ?" ಎಂದ.

ಸರಿ, ಇಲ್ಲೂ ಎಲ್ಲ ಚೆನ್ನಾಗಿಲ್ಲ. ಯಾರೋ ನಿವೃತ್ತರಾದರೆಂದು ನಮ್ಮ ಲೈಬ್ರೇರಿಯನ್ನರ ತಲೆಗೆ ಇನ್ನೆರಡು ಡಿಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಪ್ರೊಫೆಸರುಗಳಲ್ಲಿ ಅರ್ಧಕ್ಕರ್ಧ ಜನ ಇಮೇಲಿಗೆ ಉತ್ತರವನ್ನೇ ಕೊಡುವುದಿಲ್ಲವಂತೆ. ನಮ್ಮೂರಿನ ಲೈಬ್ರೇರಿಯನ್ನರದ್ದೂ ಪಾಪ, ತಪ್ಪು ಅನ್ನಲಾರೆ. ಅಕ್ಕಪಕ್ಕದ ಹುದ್ದೆಗಳು ಖಾಲಿ, ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್ ಬಂದರೆ ಫೈಲು ತುಂಬುವುದೂ ಅವರೇ.

ಆದರೆ ನ್ಯಾಕ್‌ನವರು ಬರುತ್ತಾರೆ ಎಂದ ಕೂಡಲೇ ಎಲ್ಲ ಡಿಪಾರ್ಟ್‌ಮೆಂಟಿನವರೂ ಅಂಕಿಅಂಶ ಕೇಳಿಕೊಂಡು ಲೈಬ್ರರಿಗೆ ಓಡುತ್ತಾರೆ. ದಾರಿ ಗೊತ್ತಿದೆ, ಅಲ್ವಾ?