ಮಧ್ಯಯುಗದವರಿಗೆ ನಗು ಗೊತ್ತಿರಲಿಲ್ಲವೇ? ಒಂದು ಸ್ಪಷ್ಟನೆ

ಮಧ್ಯಯುಗದ ಯುರೋಪಿನ ಸಾಹಿತ್ಯದಲ್ಲಿ ಬರೀ ಧರ್ಮ, ಯುದ್ಧ. ನಗುವೇ ಇರಲಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ ‘ಕ್ಯಾಂಟರ್ಬರಿ ಟೇಲ್ಸ್’ ನೋಡಿ. ಅದರಲ್ಲಿ ತೀರ್ಥಯಾತ್ರೆಗೆ ಹೊರಟವರು ದಾರಿಯಲ್ಲಿ ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ. ಕುದುರೆ ಮೇಲೆ ನೆಟ್ಟಗೆ ಕೂರಲೂ ಆಗದಷ್ಟು ಕುಡಿದ ಗಿರಣಿಯವನು, ಬೇಡವೆಂದರೂ ಕೇಳದೆ, ಮೋಸಹೋದ ಬಡಗಿಯೊಬ್ಬನ ಪೋಲಿ ಕಥೆ ಹೇಳುತ್ತಾನೆ. ಹೆಚ್ಚಿನವರು ನಗುತ್ತಾರೆ. ಜಮೀನಿನ ಮೇಲ್ವಿಚಾರಕ ಓಸ್ವಾಲ್ಡ್ ಮಾತ್ರ ಮುಖ ಗಂಟಿಕ್ಕುತ್ತಾನೆ. ಅವನೂ ಬಡಗಿ ಕೆಲಸ ಬಲ್ಲವನು! ಎಲ್ಲರೂ ನಗುವಾಗ ಒಬ್ಬನಿಗೆ ಚುಚ್ಚುವ ಆ ಮುಜುಗರವನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ, ಅಲ್ವಾ? ಓಸ್ವಾಲ್ಡ್ ಸುಮ್ನಿರುವುದಿಲ್ಲ. ಗಿರಣಿಯವನೇ ಪೇಚಿಗೆ ಸಿಗುವ ಕಥೆ ಹೇಳಿ ಸೇಡು ತೀರಿಸಿಕೊಳ್ಳುತ್ತಾನೆ.

ಅದೇ ಕಾಲದ, ಆರ್ಥರ್ ರಾಜನ ವೀರ ಗವೇನ್ ಕುರಿತ ಇಂಗ್ಲಿಷ್ ಕಾವ್ಯದಲ್ಲಂತೂ, ಆತಿಥೇಯನ ಹೆಂಡತಿ ಮೆಲ್ಲಗೆ ಕೋಣೆಗೆ ಬಂದಾಗ, ಆ ವೀರ ಹಾಸಿಗೆಯಲ್ಲೇ ನಿದ್ದೆ ಬಂದವನಂತೆ ನಟಿಸುತ್ತಾನೆ.